ರೇಕ್ಯಾವಿಕ್‌ನಲ್ಲಿ ಆರು ತಿಂಗಳ ಕತ್ತಲೆಯೇನೂ ಇಲ್ಲ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ, ವರ್ಷವಿಡೀ ಹಿಮ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಸ್ವತಂತ್ರ ದೇಶಗಳ ರಾಜಧಾನಿಗಳಲ್ಲಿ ಅತ್ಯಂತ ಉತ್ತರದಲ್ಲಿರುವುದು ಇದೇ, ನಿಜ. ಆದರೆ ಊರಿರುವುದು 64 ಡಿಗ್ರಿ ಅಕ್ಷಾಂಶದಲ್ಲಿ, ಚಳಿಗಾಲದಲ್ಲಿ ಇಡೀ ದಿನ ಸೂರ್ಯ ಹುಟ್ಟದ ಪ್ರದೇಶ ಶುರುವಾಗುವ ಆರ್ಕ್ಟಿಕ್ ವೃತ್ತಕ್ಕಿಂತ ಕೆಳಗೆ. ಆರು ತಿಂಗಳ ರಾತ್ರಿ ಧ್ರುವದ ಮಾತು. ಇಲ್ಲಿ ಡಿಸೆಂಬರ್ ಕೊನೆಯಲ್ಲೂ ದಿನಕ್ಕೆ ನಾಲ್ಕು ಗಂಟೆಯಷ್ಟು ಸೂರ್ಯ ಇರುತ್ತಾನೆ. ಜೂನ್‌ನಲ್ಲಿ ಮಧ್ಯರಾತ್ರಿ ಹೊತ್ತಿಗೆ ಮುಳುಗುತ್ತಾನೆ, ಆದರೂ ಪೂರ್ತಿ ಕತ್ತಲಾಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಹೋಗಿ ರಾತ್ರಿ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಉತ್ತರದ ಬೆಳಕು (ಅರೋರಾ) ಹುಡುಕಬೇಡಿ. ಅದಕ್ಕೆ ಕತ್ತಲು ಬೇಕು.

ಚಳಿಯೂ ಅಂದುಕೊಂಡಷ್ಟು ಜಾಸ್ತಿ ಇಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಯ ಆಸುಪಾಸು. ಕಾಡುವುದು ಗಾಳಿ.

ಈ ಊರಿನ ನಿಜವಾದ ಸೊಬಗು ಆ ಸಂದೇಶದಲ್ಲಿ ಇಲ್ಲವೇ ಇಲ್ಲ, ಅದೇ ನನಗೆ ಬೇಸರ. ಕೊಲ್ಲಿಯಾಚೆ 914 ಮೀಟರ್ ಎತ್ತರದ ಎಸ್ಯಾ ಬೆಟ್ಟ. ಊರೊಳಗೇ ಸಾಲ್ಮನ್ ಮೀನು ಈಜಿ ಬರುವ ಎಲ್ಲಿಡಾವರ್ ನದಿ. ಹಳೆ ಬಂದರಿನಿಂದ ತಿಮಿಂಗಿಲ ನೋಡಲು ದೋಣಿ ಹೊರಡುತ್ತವೆ. ಮನೆ ಬಿಸಿಯಾಗುವುದು ಭೂಮಿಯೊಳಗಿನ ಬಿಸಿಯಿಂದ. ಹಿಮ ಬೀಳುವಾಗಲೂ ಬಯಲಿನ ಬಿಸಿನೀರ ಕೊಳದಲ್ಲಿ ಜನ ಕುತ್ತಿಗೆವರೆಗೆ ಮುಳುಗಿ ಹರಟುತ್ತಾರೆ. ಎಷ್ಟು ಚೆಂದ ಅಲ್ವಾ? ರೇಕ್ಯಾವಿಕ್ ಎಂದರೆ ‘ಹೊಗೆಯ ಕೊಲ್ಲಿ’. ಆ ಹೊಗೆ ಬಿಸಿನೀರ ಬುಗ್ಗೆಗಳ ಹಬೆ ಎನ್ನುತ್ತಾರೆ.

ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.