ಹಳ್ಳಿಯೋ ಹಲ್ಲಿಯೋ

ಕಳೆದ ತಿಂಗಳು ಮಗಳು ನನ್ನ ಫೋನ್ ತೆಗೆದುಕೊಂಡು ಮನೆಯವರ ವಾಟ್ಸಾಪ್ ಗುಂಪಿಗೆ ಬಂದ ಮೆಸೇಜನ್ನು ಗಟ್ಟಿಯಾಗಿ ಓದಿದಳು: "ಈ ಸಲ ಎಲ್ಲರೂ ಹಲ್ಲಿಗೆ ಹೋಗೋಣ." ಓದಿ ನನ್ನ ಮುಖ ನೋಡಿದಳು. ಬರೆದವಳು ನನ್ನ ಅಕ್ಕ. ಅವಳು ಹೇಳಿದ್ದು ಹಳ್ಳಿಗೆ. ಆದರೆ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಅಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲ್ಲಿಂಗ್.

ಮಗಳದು ತಪ್ಪಲ್ಲ. ಅವಳು ಹುಟ್ಟಿ ಬೆಳೆದದ್ದು ಜಪಾನಿನಲ್ಲಿ. ಕನ್ನಡ ಅಕ್ಷರ ನಾನೇ ಕೂರಿಸಿಕೊಂಡು ಕಲಿಸಿದ್ದೇನೆ. ಕನ್ನಡದಲ್ಲಿ ಬರೆದಿದ್ದರೆ ಸರಿಯಾಗಿಯೇ ಓದುತ್ತಿದ್ದಳು. ನಮಗೆ ಮಾತು ಮೊದಲೇ ಗೊತ್ತು, ಹಾಗಾಗಿ ಹಲ್ಲಿ ಅಂತ ಇದ್ದರೂ ಹಳ್ಳಿ ಅಂತಲೇ ಓದಿಕೊಳ್ಳುತ್ತೇವೆ. ಓದಿ ಓದಿಯೇ ಮಾತು ಕಲಿಯಬೇಕಾದ ಮಗು ಏನು ಮಾಡಬೇಕು?

ಟೈಪ್ ಮಾಡೋಕೆ ಇಂಗ್ಲಿಷ್ ಅಕ್ಷರವೇ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಜಪಾನಿಯರೂ ಕಂಪ್ಯೂಟರಿನಲ್ಲಿ ಅದೇ ಅಕ್ಷರ ಒತ್ತುತ್ತಾರೆ. ಕೆ, ಎ ಒತ್ತಿದ ಕೂಡಲೇ ಪರದೆ ಮೇಲೆ ಅವರ 'ಕ' ಮೂಡುತ್ತದೆ. ಪದ ಮುಗಿದ ಮೇಲೆ ಸ್ಪೇಸ್ ಒತ್ತಿದರೆ ಅದಕ್ಕೆ ಹೊಂದುವ ಕಾಂಜಿಗಳು, ಅಂದರೆ ಚೀನಾದಿಂದ ಬಂದ ಅಕ್ಷರಗಳು, ಸಾಲಾಗಿ ಬರುತ್ತವೆ. ಸರಿಯಾದದ್ದನ್ನು ಆರಿಸಿ ಮುಂದಕ್ಕೆ ಹೋಗುತ್ತಾರೆ. ಇಂಗ್ಲಿಷ್ ಅಕ್ಷರ ಬೆರಳಿನ ಅಡಿಯಲ್ಲೇ ಉಳಿಯುತ್ತದೆ, ಓದುವವರ ಕಣ್ಣಿಗೆ ಬೀಳುವುದಿಲ್ಲ.

ಈ ಆರಿಸುವ ಕೆಲಸ ಸುಲಭದ್ದಲ್ಲ. ಅವರಲ್ಲಿ ಒಂದು ಹೆಸರಾದ ವಾಕ್ಯವಿದೆ: 'ಕಿಶ ನೊ ಕಿಶ ವ ಕಿಶ ದೆ ಕಿಶ ಶಿತ.' ನಿಮ್ಮ ಕಂಪನಿಯ ವರದಿಗಾರ ರೈಲಿನಲ್ಲಿ ಆಫೀಸಿಗೆ ಮರಳಿದ ಅಂತ ಅರ್ಥ. ನಾಲ್ಕು ಕಿಶ, ನಾಲ್ಕು ಬೇರೆ ಪದ, ನಾಲ್ಕಕ್ಕೂ ಬೇರೆ ಬೇರೆ ಕಾಂಜಿ. ಇಷ್ಟು ತೊಡಕಿರುವ ಬರಹಕ್ಕೆ 1978ರಲ್ಲೇ ತೋಶಿಬಾ ಕಂಪನಿ ಟೈಪ್ ಮಾಡುವ ಯಂತ್ರ ಮಾಡಿತು. ಬರಹ ಕಷ್ಟ ಅಂತ ಅವರು ಬರಹವನ್ನು ಬಿಡಲಿಲ್ಲ.

ನಮಗೆ ಅಷ್ಟು ತೊಡಕೇ ಇಲ್ಲ. 'ಈ ಬಾರಿ ಬರೀ ಕತೆ ಬರಿ' ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮೂರೂ ಒಂದೇ ಥರ ಕಾಣುತ್ತವೆ. ಭಾರಿ ಕೂಡ ಅಲ್ಲೇ ಸೇರಿಕೊಳ್ಳಬಹುದು. ಕನ್ನಡದಲ್ಲಿ ಬರೆದರೆ ಯಾವ ಗೊಂದಲವೂ ಇಲ್ಲ, ದೀರ್ಘವೊಂದೇ ಸಾಕು ಬೇರೆ ಮಾಡೋಕೆ. ಜಪಾನಿನವರ ಹಾಗೆ ಹತ್ತರಲ್ಲಿ ಒಂದನ್ನು ಹುಡುಕುವ ಗೋಳೂ ಇಲ್ಲ. ದಾರಿಯೂ ಎಂದೋ ಸಿಕ್ಕಿದೆ. ಕನ್ನಡಕ್ಕೆಂದೇ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ಇದೆ. 1998ರಲ್ಲೇ 'ಬರಹ' ಅನ್ನುವ ತಂತ್ರಾಂಶ ಬಂತು, ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡುತ್ತಿತ್ತು. ಆಮೇಲೆ 'ನುಡಿ' ತಂತ್ರಾಂಶ ಬಂತು. ಈಗ ಫೋನಿನಲ್ಲೇ ಕನ್ನಡ ಕೀಬೋರ್ಡ್ ಇರುತ್ತದೆ.

ಹಾಗಾದರೆ ಈ ರೂಢಿ ಎಲ್ಲಿಂದ ಬಂತು? ಎಸ್ಸೆಮ್ಮೆಸ್ ಕಾಲದಿಂದ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತಿತ್ತು. ಕನ್ನಡವಾದರೆ 70. ಅದರಲ್ಲೂ 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಫೋನಿನ ಲೆಕ್ಕಕ್ಕೆ ಆರು. ಎಷ್ಟೋ ಫೋನುಗಳಲ್ಲಿ ಕನ್ನಡ ಕಳಿಸಿದರೆ ಬರೀ ಚೌಕಗಳು ಕಾಣುತ್ತಿದ್ದವು. ಆಗ ನಾನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ, ಬೇರೆ ದಾರಿ ಇರಲಿಲ್ಲ. ಆ ಕಷ್ಟ ಹೋಗಿ ಎಷ್ಟೋ ವರ್ಷವಾಯಿತು. ರೂಢಿ ಮಾತ್ರ ಹೋಗಿಲ್ಲ.

ಟೈಪಿಂಗಿನಿಂದ ಜಪಾನಿನವರಿಗೂ ನಷ್ಟವಾಗಿದೆ. ಓದೋಕೆ ಬರುತ್ತದೆ, ಕೈಯಲ್ಲಿ ಬರೆಯೋಕೆ ಹೋದರೆ ಕಾಂಜಿ ನೆನಪಾಗುವುದಿಲ್ಲ ಅಂತ ಓದಿಕೊಂಡವರೇ ಹೇಳುತ್ತಾರೆ. ಅವರ ಸರ್ಕಾರ ಇದನ್ನು ಒಪ್ಪಿಕೊಂಡ ರೀತಿ ನನಗೆ ಇಷ್ಟವಾಯಿತು. 2010ರಲ್ಲಿ ದಿನಬಳಕೆಯ ಕಾಂಜಿಗಳ ಪಟ್ಟಿಯನ್ನು 1,945 ಅಕ್ಷರಗಳಿಂದ 2,136ಕ್ಕೆ ಏರಿಸಿದರು. ದುಗುಡ ಅನ್ನುವ ಅರ್ಥದ ಒಂದು ಕಾಂಜಿಗೆ 29 ಗೆರೆಗಳಿವೆ, ಅದೂ ಸೇರಿತು. ಎಲ್ಲವನ್ನೂ ಕೈಯಲ್ಲಿ ಬರೆಯಲೇಬೇಕು ಅಂತಿಲ್ಲ, ಟೈಪ್ ಮಾಡುವಾಗ ಗುರುತಿಸಿದರೆ ಸಾಕು ಅಂದರು. ಯಂತ್ರ ಬಂದಿದ್ದಕ್ಕೆ ಅಕ್ಷರ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು!

ಕನ್ನಡದಲ್ಲಿ ಬರೆಯುವವರ ಬರಹವೂ ಕೀಬೋರ್ಡಿನಿಂದ ಬದಲಾಗುತ್ತಿದೆ. 'ರ‍್ಯಾಂಕ್' ಅಂತ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಫೋನಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಎಲ್ಲ ಕಡೆ ಅರ್ಕಾವತ್ತು ಹಾಕಿದ 'ರ್ಯಾಂಕ್' ಬಂದು ಕೂತಿದೆ. ಇದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ, ಓದೋಕೆ ಆಗುತ್ತದೆ. ನನ್ನನ್ನು ಕಾಡುವುದು ಬೇರೆ. ಫೋನು ಪದವೊಂದನ್ನು ಸೂಚಿಸುತ್ತದೆ, ಒತ್ತಿದರೆ ಹಿಂದೆಯೇ ಒಂದು ಸ್ಪೇಸ್ ಹಾಕುತ್ತದೆ. ಆಮೇಲೆ ಪ್ರತ್ಯಯ ಟೈಪ್ ಮಾಡಿದರೆ 'ಶಾಲೆ ಗೆ', 'ಮನೆ ಯಲ್ಲಿ', 'ಅವರ ನ್ನು' ಅಂತ ಒಡೆದು ಬೀಳುತ್ತದೆ. ದಿನಾ ಇಂಥದ್ದನ್ನು ನೋಡುತ್ತೇನೆ. 'ಗೆ' ಅನ್ನೋದು ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವ ಪದವಲ್ಲ. ಪದಕ್ಕೆ ಅಂಟಿಕೊಂಡೇ ಬಾಳುವಂಥದ್ದು. ಇದನ್ನೇ ನೋಡುತ್ತಾ ಬೆಳೆದ ಮಗುವಿಗೆ ಕನ್ನಡದ ಪದ ಎಲ್ಲಿ ಮುಗಿಯುತ್ತದೆ ಅನ್ನೋದೇ ತಿಳಿಯದೆ ಹೋದೀತು. ಒಂದು ಸಲ ಹಿಂದಕ್ಕೆ ಹೋಗಿ ಆ ಸ್ಪೇಸ್ ಅಳಿಸಿದರೆ ಮುಗಿಯಿತು, ಅಲ್ವಾ?

ಸಿಕ್ಕಿದ್ದೂ ಬಹಳ ಇದೆ. ಮೊದಲೆಲ್ಲ ಕನ್ನಡ ಬರೆಯೋದು ಅಂದರೆ 'ಮಾಡುತ್ತಿದ್ದೇನೆ' ಅಂತಲೇ ಬರೆಯಬೇಕಿತ್ತು. ಮಾತಿನ ಕನ್ನಡ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ನಾಟಕ ಮತ್ತು ಕತೆಯ ಸಂಭಾಷಣೆಯಲ್ಲಿ. ಈಗ ಸಾಮಾನ್ಯ ಜನ ದಿನವೂ 'ಮಾಡ್ತಿದೀನಿ' ಅಂತ ಬರೆಯುತ್ತಾರೆ, 'ಮಾಡಾಕತ್ತೀನಿ' ಅಂತಲೂ ಬರೆಯುತ್ತಾರೆ. ಯಾರು ಯಾವ ಕಡೆಯವರು ಅಂತ ಅಕ್ಷರದಲ್ಲೇ ಗೊತ್ತಾಗುತ್ತದೆ. ದೂರದಲ್ಲಿರುವ ನನಗೆ ಇದು ದೊಡ್ಡ ಸಂತೋಷ. ಆ ಮಾತೂ ಕನ್ನಡ ಅಕ್ಷರದಲ್ಲಿ ಬರಲಿ ಅನ್ನೋದಷ್ಟೇ ನನ್ನ ಆಸೆ.

ಅಕ್ಕನಿಗೆ ಫೋನ್ ಮಾಡಿ ಹಲ್ಲಿಯ ವಿಷಯ ಹೇಳಿದೆ. "ಒತ್ತಕ್ಷರ ಹುಡುಕೋದೇ ಕಷ್ಟ ಕಣೋ" ಅಂದಳು. ಮಗಳೇ ವಿಡಿಯೋ ಕಾಲ್ ಮಾಡಿ ಅವಳಿಗೆ ಹೇಳಿಕೊಟ್ಟಳು. ಇಲ್ಲಿನ ಮಕ್ಕಳು ಫೋನಿನಲ್ಲಿ 'ಕ' ಮೇಲೆ ಬೆರಳಿಟ್ಟು ಎಡಕ್ಕೆ ಸರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ ಬರುತ್ತದೆ. ನಮ್ಮ ಕಾಗುಣಿತವೇ! ಆ ಅಕ್ಷರಗಳ ಸಾಲು ಕೂಡ ಬೌದ್ಧರ ಮೂಲಕ ಹೋದ ಸಂಸ್ಕೃತ ವರ್ಣಮಾಲೆಯ ಕ್ರಮದ್ದು. ಹಾಗಾಗಿ ಕನ್ನಡ ಕೀಬೋರ್ಡ್ ಮಗಳಿಗೆ ಹೊಸದು ಅನಿಸಲಿಲ್ಲ. "ಅತ್ತೆ, ಮೊದಲು ಳ, ಆಮೇಲೆ ಅರ್ಧ ಮಾಡುವ ಕೀ, ಮತ್ತೆ ಳ" ಅಂತ ಮೂರು ಸಲ ಹೇಳಿದಳು.

ಸ್ವಲ್ಪ ಹೊತ್ತಿಗೆ ಗುಂಪಿಗೆ ಅಕ್ಕನ ಮೆಸೇಜ್ ಬಂತು: "ಪುಟ್ಟಿ ಈ ಸಲ ಹಳ್ಳೀಗ್ ಹೋಗೋಣ ಬಾ." ಮಗಳು ಅದನ್ನು ಅತ್ತೆಯ ರಾಗದಲ್ಲೇ ಓದಿದಳು.