ಜಿಗಣೆಗೆ ಬಾಣದ ಗುರುತು ಹಾಕಿದ ಪುಣ್ಯಾತ್ಮರಿಗೆ

ಮಡಿಕೇರಿಯ ವಾಟ್ಸಾಪ್ ಗ್ರೂಪೊಂದರಲ್ಲಿ ಈಗಷ್ಟೇ ಒಂದು ಕಾರ್ಟೂನು ಬಂತು. ಕಾಫಿ ಎಲೆಯ ಮೇಲೆ ಎರಡು ಜಿಗಣೆ. ಆಚೆಯಿಂದ ನಡೆದು ಬರುತ್ತಿರುವ ಎರಡು ಕಾಲು, ಬಿಳಿ ಸಾಕ್ಸು, ಹೊಸ ಶೂ. ಕೆಳಗೆ ಇಷ್ಟೇ: "ಡಾಕ್ಟ್ರು ಬೆಂಗಳೂರಿನದು ಬಿಡಿ ಅಂದಿದ್ದಾರೆ. ಬರೀ ಸಕ್ಕರೆಯಂತೆ."

ಅದನ್ನು ಹಾಗೇ ಕಳಿಸಿದ್ದರೆ ಏನು ಹೋಗುತ್ತಿತ್ತು? ಯಾರೋ ಪುಣ್ಯಾತ್ಮರು ಜಿಗಣೆಗಳ ಸುತ್ತ ಕೆಂಪು ವೃತ್ತ ಎಳೆದು, ಕಾಲಿಗೆ ಬಾಣ ಹಾಕಿ 'ಪ್ರವಾಸಿಗ' ಅಂತ ಬರೆದು, "ಅರ್ಥ: ಪೇಟೆಯವರಿಗೆ ಸಕ್ಕರೆ ಕಾಯಿಲೆ ಜಾಸ್ತಿ" ಎಂದು ಟಿಪ್ಪಣಿಯನ್ನೂ ಅಂಟಿಸಿದ್ದಾರೆ. ಮಳೆಗಾಲದಲ್ಲಿ ಕೊಡಗಿನವರಿಗೆ ಜಿಗಣೆ ಯಾವುದು ಅಂತ ತೋರಿಸಿಕೊಡಬೇಕಾ ಮಾರಾಯ್ರೆ?

ಒಂದೇ ಚೌಕದ ಕಾರ್ಟೂನಿಗೆ ಹಿಂದಿಲ್ಲ, ಮುಂದಿಲ್ಲ. ಹಾಗಾಗಿ ಯಾವ ಗಳಿಗೆಯನ್ನು ಬರೆಯಬೇಕು ಅನ್ನುವುದೇ ಅರ್ಧ ಕೆಲಸ. ಅನಾಹುತದ ಒಂದು ಕ್ಷಣ ಮೊದಲು ಅಥವಾ ಒಂದು ಕ್ಷಣ ಆಮೇಲೆ. ನಡುವಿನದನ್ನು ಓದುಗ ತಾನೇ ತುಂಬಿಕೊಳ್ಳಬೇಕು. ಇಲ್ಲಿ ಕಾಲು ಇನ್ನೂ ಎಲೆಯ ಹತ್ತಿರ ಬಂದಿಲ್ಲ. ಜಿಗಣೆ ಆಗಲೇ ಮೀನಖಂಡಕ್ಕೆ ಅಂಟಿದ್ದರೆ ಅದು ಬರೀ ಘಟನೆ, ಸುಣ್ಣ ತನ್ನಿ, ಉಪ್ಪು ತನ್ನಿ ಅನ್ನುವ ವ್ಯವಹಾರ. ಬರೆದವರಿಗೆ ಇದು ಗೊತ್ತು. ಕಾಲನ್ನು ಮೊಣಕಾಲಿಗೇ ಕತ್ತರಿಸಿದ್ದಾರೆ, ಮುಖ ತೋರಿಸಿದ್ದರೆ ನಮ್ಮ ಕಣ್ಣು ಆ ಮನುಷ್ಯನ ಮೇಲೇ ನಿಲ್ಲುತ್ತಿತ್ತು. ಎರಡರಲ್ಲಿ ಒಂದೇ ಜಿಗಣೆಯ ಬಾಯಿ ತೆರೆದಿದೆ. ಎರಡೂ ತೆರೆದಿದ್ದರೆ ಮಾತು ಯಾರದು ಅಂತ ಹುಡುಕುವುದರಲ್ಲೇ ನಗು ಆರಿಹೋಗುತ್ತದೆ. ಇನ್ನು ಮುಖಭಾವ: ಏನೂ ಇಲ್ಲ. ಸಂತೆಯಲ್ಲಿ ಕರಿಮೆಣಸಿನ ರೇಟು ಮಾತಾಡುವವರ ಗಾಂಭೀರ್ಯ. ಪಾತ್ರ ತಾನೇ ನಕ್ಕರೆ ಓದುಗನಿಗೆ ನಗಲು ಏನೂ ಉಳಿಯುವುದಿಲ್ಲ.

ಕೆಳಗಿನ ಸಾಲಿಗೂ ಲೆಕ್ಕ ಉಂಟು. 'ಸಕ್ಕರೆಯಂತೆ' ಕೊನೆಗೇ ಬರಬೇಕು. "ಸಕ್ಕರೆ ಅಂಶ ಹೆಚ್ಚಿರುವುದರಿಂದ ಬೆಂಗಳೂರಿಗರ ರಕ್ತವನ್ನು ಸೇವಿಸಬಾರದೆಂದು ವೈದ್ಯರು ಸೂಚಿಸಿರುತ್ತಾರೆ" ಅಂತ ಬರೆದು ನೋಡಿ, ಆರೋಗ್ಯ ಇಲಾಖೆಯ ಸುತ್ತೋಲೆ ಆಗುತ್ತದೆ. ಚಿತ್ರದಲ್ಲಿ ಕಾಣುವುದನ್ನು ಸಾಲಿನಲ್ಲಿ ಮತ್ತೆ ಹೇಳಬಾರದು, ಸಾಲು ಹೇಳಿದ್ದನ್ನು ಚಿತ್ರ ಮತ್ತೆ ತೋರಿಸಬಾರದು. ಬಾಣ, ವೃತ್ತ, ಟಿಪ್ಪಣಿ ಮೂರೂ ಮಾಡುವುದು ಇದನ್ನೇ.

ಅರ್ಥ ಹುಡುಕುವ ಈ ಚಟ ನಮ್ಮೂರಿನದು ಮಾತ್ರ ಅಲ್ಲ. ಅಮೆರಿಕದ ಗ್ಯಾರಿ ಲಾರ್ಸನ್ 1980ರಿಂದ 1995ರವರೆಗೆ ಬರೆದ 'ದ ಫಾರ್ ಸೈಡ್' ಇಂಥ ಒಂಟಿ ಚೌಕಗಳ ಸರಣಿ. 1982ರಲ್ಲಿ ಅವರೊಂದು ಹಸು ಬರೆದರು. ಅದು ಎರಡು ಕಾಲಲ್ಲಿ ನಿಂತಿದೆ, ಮುಂದಿನ ಮೇಜಿನ ಮೇಲೆ ಏನೇನೋ ಆಕಾರಗಳು, ಕೆಳಗೆ 'ಹಸುವಿನ ಉಪಕರಣಗಳು'. ಅಷ್ಟೇ. ಹಸು ಹತಾರ ಮಾಡಿದರೆ ಹೀಗೆ ಒಡ್ಡೊಡ್ಡಾಗಿ ಇದ್ದೀತು ಅನ್ನುವುದೇ ತಮಾಷೆ. ಓದುಗರು ಕಾಗದದ ಮೇಲೆ ಕಾಗದ ಬರೆದು ಅರ್ಥ ಕೇಳಿದರು, ಕೊನೆಗೆ ಲಾರ್ಸನ್ ಪತ್ರಿಕಾ ಹೇಳಿಕೆಯನ್ನೇ ಕೊಡಬೇಕಾಯಿತು. ತಪ್ಪಿದ್ದೆಲ್ಲಿ ಅಂತ ಅವರೇ ಹೇಳಿದ್ದಾರೆ: ಒಂದು ಉಪಕರಣ ಸ್ವಲ್ಪ ಗರಗಸದ ಹಾಗೆ ಕಾಣುತ್ತಿತ್ತು. ಒಂದು ಗುರುತು ಸಿಕ್ಕಿತಲ್ಲ, ಉಳಿದವಕ್ಕೂ ಏನಾದರೂ ಹೆಸರು ಇರಲೇಬೇಕು ಅಂತ ಜನ ಹೊರಟೇಬಿಟ್ಟರು. ಅಸಂಗತ ಬರೆಯುವುದಾದರೆ ಪೂರ್ತಿ ಅಸಂಗತವಾಗಿರಲಿ. ಅರ್ಧಂಬರ್ಧ ಅರ್ಥ ಇಟ್ಟರೆ ಅದು ಒಗಟು.

ಅದೇ ಲಾರ್ಸನ್ನರ ಇನ್ನೊಂದು ಪ್ರಸಂಗ. ಒಂದು ಪತ್ರಿಕೆಯಲ್ಲಿ ಅವರ ಚೌಕದ ಸಾಲು ಪಕ್ಕದ 'ಡೆನಿಸ್ ದ ಮೆನೇಸ್' ಕಾರ್ಟೂನಿಗೂ, ಅದರ ಸಾಲು ಇವರದಕ್ಕೂ ಅದಲುಬದಲಾಗಿ ಅಚ್ಚಾಯಿತು. ಎರಡೂ ಇನ್ನಷ್ಟು ಚೆನ್ನಾದವು! ಚಿತ್ರಕ್ಕೂ ಮಾತಿಗೂ ನಡುವೆ ಒಂದು ಸಂದು ಇದ್ದರೆ ನಗು ಅಲ್ಲೇ ಹುಟ್ಟಿಕೊಳ್ಳುತ್ತದೆ. ನಮ್ಮ ಟಿಪ್ಪಣಿ ಶೂರರು ಆ ಸಂದಿಗೆ ಸಿಮೆಂಟು ಹಾಕುತ್ತಾರೆ.

"ಕಾರ್ಟೂನು ಅಂದಮೇಲೆ ಸಮಾಜಕ್ಕೆ ಒಂದು ಸಂದೇಶ ಬೇಡವೇ?" ಅಂತ ಕಾಮೆಂಟಿಗೆ ಬರುವವರು ಬರಲಿ. ಆರ್.ಕೆ. ಲಕ್ಷ್ಮಣರನ್ನು ಎಳೆದು ತರುತ್ತೀರಿ, ಗೊತ್ತು. ನಮ್ಮ ಮೈಸೂರಿನವರೇ, ಹಾಸ್ಯ ಸಾಹಿತಿ ರಾಶಿಯವರು 1942ರಲ್ಲಿ ಶುರು ಮಾಡಿದ ನಗೆಪತ್ರಿಕೆ 'ಕೊರವಂಜಿ'ಗೂ ಬರೆದವರು. ಆದರೆ ಅವರ ಶ್ರೀಸಾಮಾನ್ಯನನ್ನೇ ಸರಿಯಾಗಿ ನೋಡಿ. ಚೌಕಳಿ ಕೋಟು, ಪಂಚೆ, ಬಾಯಲ್ಲಿ ಒಂದು ಮಾತಿಲ್ಲ. ಮಂತ್ರಿಯ ಕೋಣೆಯಲ್ಲೂ ಇರುತ್ತಾನೆ, ಅಧಿಕಾರಿಗಳ ಸಭೆಯಲ್ಲೂ ಇರುತ್ತಾನೆ, ನೀನ್ಯಾರಪ್ಪಾ ಒಳಗೆ ಹೇಗೆ ಬಂದೆ ಅಂತ ಒಬ್ಬರೂ ಕೇಳುವುದಿಲ್ಲ! ಇದಕ್ಕಿಂತ ಅಸಂಗತ ಬೇಕೇ? ಅವನ ಎದೆಗೆ 'ಜನತೆ' ಅಂತ ಚೀಟಿ ಅಂಟಿಸಿದ್ದರೆ ಲಕ್ಷ್ಮಣರನ್ನು ಯಾರು ನೆನೆಯುತ್ತಿದ್ದರು? ನಿಜ ಹೇಳಿಬಿಡುತ್ತೇನೆ, ಭ್ರಷ್ಟಾಚಾರ ಅಂತ ಹೊಟ್ಟೆಯ ಮೇಲೆ ಬರೆಸಿಕೊಂಡ ಹೆಬ್ಬಾವನ್ನು ಕಂಡರೆ ನನಗೆ ಈಗೀಗ ಆಕಳಿಕೆ ಬರುತ್ತದೆ.

ಬರೆಯುವ ಹುಡುಗರಿಗೆ ಅಚ್ಚಿನ ಒಂದೆರಡು ಮಾತು. 'ಪ್ರಜಾವಾಣಿ'ಯ 'ಚಿನಕುರಳಿ' ಥರದ ಒಂದು ಕಾಲಮ್ಮಿನ ಚೌಕಕ್ಕಾದರೆ ಮೂಲ ಚಿತ್ರವನ್ನು ಒಂದೂವರೆಯಿಂದ ಎರಡು ಪಟ್ಟು ದೊಡ್ಡದಾಗಿ ಬರೆದು ಕುಗ್ಗಿಸಿ. ಕುಗ್ಗಿದಾಗ ಗೆರೆಗಳ ನಡುವಿನ ಬಿಳಿಯೂ ಕುಗ್ಗುತ್ತದೆ, ಸಾಲದ್ದಕ್ಕೆ ಪತ್ರಿಕೆಯ ಕಾಗದ ಶಾಯಿ ಹೀರಿ ಗೆರೆ ಹಿಗ್ಗುತ್ತದೆ. ಒತ್ತೊತ್ತಾಗಿ ಎಳೆದ ನೆರಳು ಅಚ್ಚಿನಲ್ಲಿ ಮಸಿಯ ಮುದ್ದೆ. ಕಳಿಸುವ ಮೊದಲು ಅಚ್ಚಾಗುವ ಅಳತೆಯಲ್ಲೇ ಒಂದು ಪ್ರತಿ ತೆಗೆದು ಕೈಯಳತೆ ದೂರದಲ್ಲಿ ಹಿಡಿದು ನೋಡಿ. ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯದಿದ್ದರೆ ಗೆರೆ ಕಡಿಮೆ ಮಾಡಿ, ಬಾಣ ಸೇರಿಸಬೇಡಿ. ಕೆಳಗಿನ ಸಾಲನ್ನು ಚಿತ್ರದ ಜೊತೆಗೇ ಒಂದೇ ಫೈಲಿನಲ್ಲಿ ಕಳಿಸಿ. ಬೇರೆ ಕಳಿಸಿದರೆ ಪುಟ ಕಟ್ಟುವವರು ಅದನ್ನೇ ದಪ್ಪಕ್ಷರದ ತಲೆಬರಹ ಮಾಡಿ ಚಿತ್ರದ ಮೇಲೆ ಕೂರಿಸುತ್ತಾರೆ, ಓದುಗ ಚಿತ್ರ ನೋಡುವ ಮೊದಲೇ ನಗು ಮುಗಿದಿರುತ್ತದೆ.