ರೇಟಿಗಿಂತ ತಾರೀಖೇ ನಮ್ಮನ್ನು ಮುಳುಗಿಸುವುದು

ಕಬ್ಬು ಅರೆಯುವ ಕಾಲ ಬಂತೆಂದರೆ ನಮ್ಮ ಮಂಡ್ಯದಲ್ಲಿ ಒಂದೇ ಮಾತು. ಈ ಸಲ ಟನ್ನಿಗೆ ಎಷ್ಟು? ಬೆಲೆ ಬೇಕು, ಅದಕ್ಕೆ ಹೋರಾಟವೂ ಬೇಕು. ಆದರೆ ನನಗನ್ನಿಸುವುದು, ರೈತನ ದುಡ್ಡು ಜಾಸ್ತಿ ಸೋರಿಹೋಗುವುದು ಕಟಾವಿನ ತಾರೀಖಿನಲ್ಲಿ.

2025-26ರ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ, ಟನ್ನಿಗೆ 3,550 ರೂಪಾಯಿ. ಅದು ಶೇ 10.25 ಸಕ್ಕರೆ ಇಳುವರಿಗೆ, ಅಂದರೆ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬಂದರೆ. ಇಳುವರಿ 9.5ಕ್ಕಿಂತ ಕಡಿಮೆ ಇದ್ದರೆ 3,290 ರೂಪಾಯಿ 50 ಪೈಸೆ. ಇದೂ ಕಾರ್ಖಾನೆ ಗೇಟಿನ ರೇಟು. ಕಟಾವು, ಸಾಗಣೆ ಖರ್ಚು ಇದರಲ್ಲೇ ಮುರಿದುಕೊಳ್ಳುತ್ತಾರೆ. ಇಳುವರಿ ಲೆಕ್ಕವೂ ನಿಮ್ಮ ಗದ್ದೆಯದಲ್ಲ, ಇಡೀ ಕಾರ್ಖಾನೆಯ ಸರಾಸರಿ. ನಿಮ್ಮ ಕಬ್ಬು ಎಷ್ಟೇ ಸಿಹಿ ಇರಲಿ, ಅದಕ್ಕೆ ಬೇರೆ ಕಾಸಿಲ್ಲ. ನಿಮಗೆ ಉಳಿಯುವುದು ತೂಕ ಒಂದೇ.

ಆ ತೂಕವನ್ನೂ ಕಾಯಿಸಿ ಕಾಯಿಸಿ ಇಳಿಸುತ್ತಾರೆ. ಕಬ್ಬು ಮಾಗಿ ನಿಂತಿರುತ್ತದೆ, ಕಡಿಯಲು ಕಾರ್ಖಾನೆಯ ಪರ್ಮಿಟ್ ಇಲ್ಲ. ಪರ್ಮಿಟ್ ಬಂದರೆ ಕಡಿಯುವ ಆಳಿಲ್ಲ. ಆಳು ಸಿಕ್ಕರೆ ಲಾರಿ ಇಲ್ಲ. ಅಷ್ಟರಲ್ಲಿ ಸೂಲಂಗಿ, ಅಂದರೆ ಹೂ, ಹೊರಟು ಕಬ್ಬು ಒಳಗೆ ಬೆಂಡಾಗಿರುತ್ತದೆ. ಕಡಿದ ಮೇಲೂ ಕಾರ್ಖಾನೆ ಯಾರ್ಡಿನ ಸಾಲಲ್ಲಿ ಬಿಸಿಲಿಗೆ ಒಣಗುತ್ತದೆ. ಕಟಾವು ಬೇಸಿಗೆಗೆ ಹೋದರೆ ಕೂಳೆ ಬೆಳೆಯೂ ಕೆಡುತ್ತದೆ. ಮೋಟುಗಳು ಚಿಗುರುವ ಹೊತ್ತಿಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರಿರುವುದಿಲ್ಲ. ಈ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಅಲ್ವಾ?

ಇನ್ನು ದುಡ್ಡಿನ ತಾರೀಖು. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಬಾಕಿ ಕೊಡಿ ಎಂದು ಎಲ್ಲರೂ ಧರಣಿ ಕೂರುತ್ತೇವೆ. ಬಡ್ಡಿ ಕೊಡಿ ಎಂದವರನ್ನು ನಾನು ಕಂಡಿಲ್ಲ. ಅತ್ತ ಸೊಸೈಟಿಯ ಶೂನ್ಯ ಬಡ್ಡಿ ಸಾಲ ಇದೆಯಲ್ಲ, ವಾಯಿದೆ ಮೀರಿದರೆ ಅದಕ್ಕೂ ಬಡ್ಡಿ ಬೀಳುತ್ತದೆ. ರೈತನ ವಾಯಿದೆ ಮಾತ್ರ ಎಲ್ಲರಿಗೂ ನೆನಪಿರುತ್ತದೆ!

ಇದಕ್ಕೇ ಜನ ಆಲೆಮನೆಗೆ ಹೋಗುವುದು. ರೇಟು ಸ್ವಲ್ಪ ಕಮ್ಮಿಯಾದರೂ ಕಬ್ಬು ಬೇಗ ಕಡಿಸುತ್ತಾರೆ, ದುಡ್ಡೂ ಬೇಗ ಕೈಗೆ ಬರುತ್ತದೆ.

"ಕಬ್ಬು ಬಿಡಿ, ರಾಗಿ ಬೆಳೆಯಿರಿ" ಎನ್ನುವವರಿಗೆ ಒಂದು ಮಾತು. ಕೆಆರ್‌ಎಸ್ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಹುಟ್ಟಿದ ಮೇಲೆ ಈ ಸೀಮೆಯ ಗದ್ದೆ, ಸಾಲ, ಮದುವೆ ಎಲ್ಲ ಕಬ್ಬಿನ ಲೆಕ್ಕದಲ್ಲೇ ನಡೆದಿವೆ. ಸುಮ್ನೆ ಬಿಡಿ ಅಂದರೆ ಬಿಡೋಕಾಗುತ್ತಾ?

ನಾನು ಕೇಳುವುದು ಎರಡೇ. ನಾಟಿ ತಾರೀಖಿನ ಪ್ರಕಾರ ಕಟಾವಿನ ಸರದಿ ಪಟ್ಟಿ ಮಾಡಿ, ಪ್ರತಿ ಊರಿನ ಡೇರಿ ಗೋಡೆಗೆ ಅಂಟಿಸಲಿ. ಯಾರು ಯಾರನ್ನು ದಾಟಿ ಮುಂದೆ ಹೋದರು ಎಂದು ಬೆಳಿಗ್ಗೆ ಹಾಲು ಹಾಕುವಾಗಲೇ ಗೊತ್ತಾಗಲಿ. ಮತ್ತೆ ತಡವಾದ ಬಿಲ್ಲಿನಲ್ಲಿ ಬಡ್ಡಿ ತಾನಾಗಿಯೇ ಸೇರಿ ಬರಲಿ, ರೈತ ಅರ್ಜಿ ಹಿಡಿದು ಅಲೆಯಬಾರದು.

ನಿಮ್ಮೂರಲ್ಲಿ ಆ 15 ಪರ್ಸೆಂಟ್ ಬಡ್ಡಿ ಯಾರಿಗಾದರೂ ಬಂದಿದ್ದರೆ ಇಲ್ಲಿ ಬರೆಯಿರಿ. ಯಾರನ್ನು ಕೇಳಿದರು, ಯಾವ ಕಾಗದ ಕೊಟ್ಟರು ಎಂದು ತಿಳಿದುಕೊಳ್ಳಬೇಕು.